ಎರೆ ಮಣ್ಣಿನಲ್ಲಿ ಕಡುಗೆಂಪು ಎಲೆಯ ಯುಫೋರ್ಬಿಯಾ: ಗುಂಡಿ ತೋಡುವುದರಿಂದ ಕತ್ತರಿ ಹಾಕುವವರೆಗೆ

ಕಲಬುರಗಿಯ ಬಿಸಿಲು ತಡೆದುಕೊಳ್ಳುವ, ಎಲೆಯೇ ಹೂವಿನಷ್ಟು ಚಂದ ಇರುವ ಒಂದು ಪೊದೆ ಬೇಕು ಅಂತ ಯಾರಾದರೂ ಕೇಳಿದರೆ ನಾನು ಮೊದಲು ಹೇಳುವ ಹೆಸರು ಯುಫೋರ್ಬಿಯಾ ಕೋಟಿನಿಫೋಲಿಯಾ. ಕಡುಗೆಂಪೂ ಅಲ್ಲದ, ಪೂರ್ತಿ ನೇರಳೆಯೂ ಅಲ್ಲದ ಬಣ್ಣದ ಎಲೆ. ಬಿಸಿಲು ಬೆನ್ನ ಹಿಂದಿನಿಂದ ಬಿದ್ದಾಗ ಇಡೀ ಗಿಡ ಕೆಂಡದ ಬಣ್ಣಕ್ಕೆ ತಿರುಗುತ್ತದೆ. ಮೇ ತಿಂಗಳಲ್ಲಿ ತಾಪಮಾನ 43, 44 ಡಿಗ್ರಿ ಮುಟ್ಟಿ ಕ್ರೋಟನ್ ಎಲೆಗಳ ಅಂಚು ಸುಟ್ಟು ಕಂದಾಗುವ ಹೊತ್ತಿಗೂ ಇದು ಆರಾಮಾಗಿ ನಿಂತಿರುತ್ತದೆ.

ಹಾಗಾದರೆ ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಇದು ಯಾಕೆ ಸಾಯುತ್ತದೆ? ನೀರಿನಿಂದ. ದಿನಾ ಪೈಪ್ ಹಿಡಿದು ನೀರು ಬಿಡುವುದರಿಂದ, ಮಳೆಗಾಲದಲ್ಲಿ ಎರೆ ಮಣ್ಣಲ್ಲಿ ನೀರು ನಿಲ್ಲುವುದರಿಂದ. ಬೇರು ಕೊಳೆತು ಎಲೆ ಜೋತು ಬಿದ್ದರೆ, ಬಾಯಾರಿದೆ ಅಂದುಕೊಂಡು ಇನ್ನೂ ಒಂದು ಬಕೆಟ್ ಹಾಕುತ್ತಾರೆ. ಅಲ್ಲಿಗೆ ಮುಗಿಯಿತು. ಈ ಬರಹದ ಅರ್ಧ ಭಾಗ ಮಣ್ಣು ಮತ್ತು ನೀರಿನ ಬಗ್ಗೆಯೇ ಇದೆ. ಉಳಿದಿದ್ದನ್ನು ಈ ಗಿಡ ತಾನೇ ನೋಡಿಕೊಳ್ಳುತ್ತದೆ.

ಮೊದಲು ಹಾಲಿನ ವಿಷಯ

ಗಿಡ ತರುವ ಮುಂಚೆ ಇದನ್ನು ಓದಿ. ಹೊಲದ ಬದುವಿನಲ್ಲಿ ಬೆಳೆಯುತ್ತದಲ್ಲ ಕಳ್ಳಿ, ಅದರ ಕುಲದ್ದೇ ಇದು. ಎಲೆ ಮುರಿದರೂ ಕೊಂಬೆ ಕಡಿದರೂ ಬಿಳಿ ಹಾಲು ಸುರಿಯುತ್ತದೆ. ಆ ಹಾಲು ವಿಷ. ಚರ್ಮಕ್ಕೆ ತಾಗಿದರೆ ಕೆಲವರಿಗೆ ಉರಿ, ಗುಳ್ಳೆ ಆಗುತ್ತವೆ. ಕಣ್ಣಿಗೆ ಹೋದರೆ ವಿಪರೀತ ನೋವು, ಕಣ್ಣಿನ ಮೇಲ್ಪದರಕ್ಕೇ ಗಾಯ ಆಗಬಹುದು. ಹೊಟ್ಟೆಗೆ ಹೋದರಂತೂ ವಾಂತಿ, ಭೇದಿ. ಇದರ ತವರಾದ ಮೆಕ್ಸಿಕೋ, ದಕ್ಷಿಣ ಅಮೆರಿಕದ ಉತ್ತರ ಭಾಗದ ಕಡೆ ಮೀನು ಹಿಡಿಯಲು ನೀರಿಗೆ ಹಾಕುವ ವಿಷವಾಗಿ ಈ ಹಾಲನ್ನು ಬಳಸುತ್ತಿದ್ದರು. ಹಾಗಾಗಿ ಮನೆಯಲ್ಲಿ ಮೀನಿನ ತೊಟ್ಟಿ ಇದ್ದರೆ ಅದರ ಹತ್ತಿರ ನೆಡಬೇಡಿ, ಕತ್ತರಿಸಿದ ಕೊಂಬೆ ಅದಕ್ಕೆ ಬೀಳದ ಹಾಗೆ ನೋಡಿಕೊಳ್ಳಿ.

ಹೆದರಿಸಲು ಹೇಳುತ್ತಿಲ್ಲ. ಕಣಗಿಲೆಯೂ ವಿಷವೇ, ಆದರೂ ಅರ್ಧ ಊರಿನ ಅಂಗಳದಲ್ಲಿ ಇದೆ ಅಲ್ವಾ? ಸುಮ್ನೆ ನಿಂತ ಗಿಡ ಯಾರಿಗೂ ಏನೂ ಮಾಡುವುದಿಲ್ಲ. ಕತ್ತರಿಸುವಾಗ ಮಾತ್ರ ರಬ್ಬರ್ ಕೈಗವಸು, ಕಣ್ಣಿಗೆ ಒಂದು ಕನ್ನಡಕ, ಉದ್ದ ತೋಳಿನ ಅಂಗಿ ಬೇಕು. ಬೈಕ್ ಓಡಿಸುವಾಗ ಹಾಕುವ ಸಾದಾ ಕನ್ನಡಕವೂ ಇಲ್ಲದ್ದಕ್ಕಿಂತ ಮೇಲು. ಕೆಲಸದ ಮಧ್ಯೆ ಬೆವರು ಒರೆಸಿಕೊಳ್ಳಲು ಅದೇ ಕೈ ಮುಖಕ್ಕೆ ಹೋಗುತ್ತದೆ ನೋಡಿ, ಅನಾಹುತ ಆಗುವುದು ಅಲ್ಲೇ. ಚರ್ಮಕ್ಕೆ ತಾಗಿದರೆ ಸೋಪು ಹಚ್ಚಿ ತೊಳೆಯಿರಿ. ಕಣ್ಣಿಗೆ ಹಾರಿದರೆ ಉಜ್ಜದೆ, 15–20 ನಿಮಿಷ ಶುದ್ಧ ನೀರು ಹರಿಸಿ ತೊಳೆದು, ತಕ್ಷಣ ಕಣ್ಣಿನ ಡಾಕ್ಟರ್ ಹತ್ತಿರ ಹೋಗಿ. ಮನೆಮದ್ದು ಬೇಡವೇ ಬೇಡ.

ಮನೆಯಲ್ಲಿ ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುವ ವಯಸ್ಸಿನ ಮಗು ಇದ್ದರೆ, ನಾಯಿಮರಿ ಇದ್ದರೆ, ಈ ಗಿಡವನ್ನು ಎರಡು ಮೂರು ವರ್ಷ ಮುಂದೆ ಹಾಕಿ. ಅಲ್ಲಿಯವರೆಗೆ ತಾಮ್ರದ ಬಣ್ಣದ ಅಕಾಲಿಫಾ ಹಾಕಿಕೊಳ್ಳಿ. ಅದರಲ್ಲಿ ಹಾಲಿಲ್ಲ. ನೀರು ಸ್ವಲ್ಪ ಜಾಸ್ತಿ ಕೇಳುತ್ತದೆ, ಬಣ್ಣ ಇಷ್ಟು ಗಾಢ ಅಲ್ಲ.

ನರ್ಸರಿಯಲ್ಲಿ

ಸುಮ್ನೆ "ಯುಫೋರ್ಬಿಯಾ ಕೊಡಿ" ಅಂದರೆ ಬಹುತೇಕ ಕಡೆ ಮುಳ್ಳಿನ ಕಾಂಡದ, ಸಣ್ಣ ಗುಲಾಬಿ ಹೂ ಬಿಡುವ ಗಿಡ ಕೈಗೆ ಕೊಡುತ್ತಾರೆ. ಅದು ಬೇರೆ ಜಾತಿ. "ಕೆಂಪು ಎಲೆ ಗಿಡ" ಅಂದರೆ ಅಕಾಲಿಫಾ ಬರುತ್ತದೆ. ನಮಗೆ ಬೇಕಾದ್ದನ್ನು ಗುರುತಿಸುವುದು ಸುಲಭ: ಒಂದು ಗೆಣ್ಣಿನಲ್ಲಿ ಸಾಮಾನ್ಯವಾಗಿ ಮೂರು ಎಲೆ, ಪ್ರತಿ ಎಲೆಗೂ ಉದ್ದನೆಯ ತೆಳು ತೊಟ್ಟು, ಎಲೆ ಮೊಟ್ಟೆಯಾಕಾರ, ಮುಳ್ಳು ಇಲ್ಲವೇ ಇಲ್ಲ. ಒಂದು ಎಲೆ ಮುರಿದು ನೋಡಲು ಹೇಳಿ, ಬಿಳಿ ಹಾಲು ಬರಬೇಕು.

ಎತ್ತರದ ಗಿಡಕ್ಕೆ ಮರುಳಾಗಬೇಡಿ. ನಾಲ್ಕು ಅಡಿ ಒಂಟಿ ಕಡ್ಡಿಗಿಂತ, ಎರಡು ಅಡಿ ಎತ್ತರದ, ಬುಡದಿಂದಲೇ ಮೂರು ನಾಲ್ಕು ಕವಲು ಬಂದಿರುವ ಗಿಡ ಮೇಲು. ಪಾಲಿಥಿನ್ ಚೀಲದ ತಳ ನೋಡಿ. ಬೇರು ಹೊರಗೆ ಬಂದು ಸುತ್ತಿಕೊಂಡಿದ್ದರೆ ಬಿಡಿ. ನೆರಳು ಬಲೆಯ ಕೆಳಗಿದ್ದ ಗಿಡದ ಎಲೆ ಹಸಿರು ಮಿಶ್ರಿತವಾಗಿ ಕಂಡರೆ ಚಿಂತೆ ಇಲ್ಲ, ಬಿಸಿಲಿಗೆ ಬಂದ ಮೇಲೆ ಹೊಸ ಎಲೆ ಗಾಢವಾಗಿಯೇ ಬರುತ್ತದೆ. ಆದರೆ ಅಂಥ ಗಿಡವನ್ನು ತಂದ ದಿನವೇ ಉರಿಬಿಸಿಲಿಗೆ ಇಡಬೇಡಿ. ಒಂದು ವಾರ ಬೆಳಗಿನ ಬಿಸಿಲು ಮಾತ್ರ ಬೀಳುವ ಕಡೆ ಇಟ್ಟು ಆಮೇಲೆ ಬಯಲಿಗೆ ತನ್ನಿ.

ಎಲ್ಲಿ ನೆಡಬೇಕು

ದಿನಕ್ಕೆ ಕನಿಷ್ಠ ಆರು ತಾಸು ನೇರ ಬಿಸಿಲು. ಕಡಿಮೆ ಬಿಸಿಲಿದ್ದರೆ ಎಲೆ ಹಸಿರಾಗುತ್ತದೆ, ಕೊಂಬೆ ಉದ್ದುದ್ದ ಎಳೆಯುತ್ತದೆ. ಬೇವಿನ ಮರದ ಕೆಳಗೆ ಖಾಲಿ ಜಾಗ ಇದೆ ಅಂತ ಇದನ್ನು ಅಲ್ಲಿ ಹಾಕುವುದು ವ್ಯರ್ಥ.

ಹಿನ್ನೆಲೆಯ ಬಗ್ಗೆ ಯಾರೂ ಯೋಚಿಸುವುದಿಲ್ಲ, ಆದರೆ ಗಾಢ ಎಲೆಯ ಗಿಡಕ್ಕೆ ಅರ್ಧ ಅಂದ ಬರುವುದೇ ಅದರಿಂದ. ಬೀದರಿನ ಕೆಂಪು ಜಂಬಿಟ್ಟಿಗೆ ಗೋಡೆಯ ಮುಂದೆ, ಕಪ್ಪು ಗೇಟಿನ ಪಕ್ಕ ನೆಟ್ಟರೆ ಗಿಡ ಇದೆಯೋ ಇಲ್ಲವೋ ತಿಳಿಯದು. ಸುಣ್ಣ ಬಳಿದ ಗೋಡೆ, ತಿಳಿ ಬೂದು ಶಹಾಬಾದ್ ಕಲ್ಲಿನ ಕಾಂಪೌಂಡ್ ಮುಂದೆ ನೆಟ್ಟು ನೋಡಿ. ಬುಡದಲ್ಲಿ ಬಿಳಿ ಸದಾಪುಷ್ಪ ಹಾಕಿದರೆ ಬಿದರಿ ಪಾತ್ರೆಯ ಕಪ್ಪಿನ ಮೇಲೆ ಬೆಳ್ಳಿ ಎದ್ದು ಕಾಣುವ ಹಾಗೆ ಎರಡೂ ಕಾಣುತ್ತವೆ. ಸದಾಪುಷ್ಪವೂ ಬಿಸಿಲಿನ ಗಿಡ, ಅದಕ್ಕೂ ಜಾಸ್ತಿ ನೀರು ಬೇಡ, ಜೋಡಿ ಸರಿಯಾಗುತ್ತದೆ. ಹಳದಿ ಚೆಂಡುಹೂವೂ ಚೆನ್ನ.

ಗೋಡೆಯಿಂದ ಮೂರು ಅಡಿ ದೂರ ಇರಲಿ. ಬಿಟ್ಟರೆ ಇದು ಹತ್ತು ಅಡಿ ದಾಟುವ ಗಿಡ, ಕತ್ತರಿಸಿ ಇಟ್ಟುಕೊಂಡರೆ ಐದಾರು ಅಡಿಯ ಪೊದೆ. ಒಂದಕ್ಕಿಂತ ಹೆಚ್ಚು ನೆಡುವುದಾದರೆ ನಡುವೆ ಐದಾರು ಅಡಿ ಬಿಡಿ, ಬೇಲಿ ಥರ ಬೇಕಿದ್ದರೆ ಮೂರು ಅಡಿ ಸಾಕು. ಫರ್ಸಿ ಹಾಸಿದ ಅಂಗಳವಾದರೆ ಕಲ್ಲಿನ ಅಂಚಿನಿಂದ ಎರಡು ಅಡಿಯಾದರೂ ಒಳಗೆ ನೆಡಿ. ಮಧ್ಯಾಹ್ನ ಆ ಕಲ್ಲು ಕಾದು ಎಳೆ ಗಿಡದ ಬುಡವನ್ನು ಬೇಯಿಸುತ್ತದೆ. ಓಡಾಡುವ ದಾರಿಯ ಪಕ್ಕವೂ ಬೇಡ. ಕೊಂಬೆ ಮೆದು, ತಗುಲಿದರೆ ಮುರಿಯುತ್ತದೆ, ಬಟ್ಟೆಗೆಲ್ಲ ಹಾಲು.

ಮಣ್ಣು: ಇಲ್ಲಿ ಆತುರ ಬೇಡ

ಮೊದಲು ಪರೀಕ್ಷೆ. ಗಿಡ ನೆಡುವ ಜಾಗದಲ್ಲಿ ಒಂದೂವರೆ ಅಡಿ ಆಳದ ಗುಂಡಿ ತೋಡಿ, ನೀರು ತುಂಬಿ. ಅದು ಇಂಗಿದ ಮೇಲೆ ಮತ್ತೊಮ್ಮೆ ತುಂಬಿ ಗಡಿಯಾರ ನೋಡಿ. ನಾಲ್ಕೈದು ತಾಸಿನಲ್ಲಿ ನೀರು ಇಳಿದರೆ ನೇರವಾಗಿ ನೆಲದಲ್ಲಿ ನೆಡಬಹುದು. ಮರುದಿನ ಬೆಳಗ್ಗೆಯೂ ನೀರು ಅಲ್ಲೇ ಇದ್ದರೆ ಆ ಗುಂಡಿ ಮುಚ್ಚಿಬಿಡಿ. ನಿಮಗೆ ದಿಬ್ಬ ಬೇಕು.

ಕಲಬುರಗಿ, ಜೇವರ್ಗಿ, ಅಫಜಲಪುರ, ಚಿತ್ತಾಪುರ ಕಡೆಯ ಎರೆ ಭೂಮಿಯಲ್ಲಿ ಬಹುತೇಕ ದಿಬ್ಬವೇ ಗತಿ. ತೊಗರಿಗೆ ಈ ಮಣ್ಣು ಹೇಳಿ ಮಾಡಿಸಿದ್ದು, ಯುಫೋರ್ಬಿಯಾಗೆ ಅಲ್ಲ. ನೆನೆದಾಗ ಉಬ್ಬುತ್ತದೆ, ಗಾಳಿಯಾಡಲು ಜಾಗ ಇರುವುದಿಲ್ಲ. ಒಣಗಿದಾಗ ಕೈ ಹೋಗುವಷ್ಟು ಬಿರುಕು ಬಿಡುತ್ತದೆ, ಆಗ ಸಣ್ಣ ಬೇರುಗಳು ಹರಿದು ಹೋಗುತ್ತವೆ. ಕೆಲವರು ಜಾಣತನ ಮಾಡಿ ದೊಡ್ಡ ಗುಂಡಿ ತೋಡಿ, ಒಳಗೆ ಒಳ್ಳೆಯ ಸಡಿಲ ಮಣ್ಣು, ಗೊಬ್ಬರ ತುಂಬುತ್ತಾರೆ. ಕೇಳಲು ಸರಿ ಅನ್ನಿಸುತ್ತದೆ. ಆಗುವುದೇನೆಂದರೆ ಸುತ್ತಲಿನ ಎರೆ ಮಣ್ಣು ಗೋಡೆ ಕಟ್ಟಿದ ಹಾಗೆ ಇರುತ್ತದೆ, ಅಂಗಳದ ಮಳೆ ನೀರೆಲ್ಲ ಆ ಸಡಿಲ ಗುಂಡಿಗೆ ಇಳಿದು ಅಲ್ಲೇ ನಿಲ್ಲುತ್ತದೆ. ಗಿಡಕ್ಕೆ ನೀವೇ ಬಾವಿ ತೋಡಿಕೊಟ್ಟ ಹಾಗಾಯಿತು.

ದಿಬ್ಬ ಮಾಡುವುದು ಹೀಗೆ. ನಾಲ್ಕೈದು ಅಡಿ ಅಗಲದ ಜಾಗದಲ್ಲಿ ಮೇಲಿನ ಮಣ್ಣನ್ನು ಅರ್ಧ ಅಡಿ ಸಲಿಕೆಯಿಂದ ಸಡಿಲ ಮಾಡಿ. ಇದಕ್ಕೆ ಬೇಕಾದ ಮಿಶ್ರಣ: ಎರಡು ಪುಟ್ಟಿ ಅಲ್ಲಿಯದೇ ಮಣ್ಣು, ಎರಡು ಪುಟ್ಟಿ ಗರಸು (ಸಣ್ಣ ಕಲ್ಲು ಬೆರೆತ ಒರಟು ಮಣ್ಣು), ಒಂದು ಪುಟ್ಟಿ ದಪ್ಪ ಉಸುಕು ಅಥವಾ ಇಟ್ಟಿಗೆ ಚೂರು, ಒಂದು ಪುಟ್ಟಿ ಚೆನ್ನಾಗಿ ಕಳಿತ ತಿಪ್ಪೆ ಗೊಬ್ಬರ. ಇದೇ ಲೆಕ್ಕದಲ್ಲಿ ಬೇಕಾದಷ್ಟು ಕಲಸಿ, ಒಂದರಿಂದ ಒಂದೂವರೆ ಅಡಿ ಎತ್ತರಕ್ಕೆ ಹರಡಿ. ಗಾರೆಗೆ ಬಳಸುವ ಸಣ್ಣ ಉಸುಕನ್ನು ಎರೆ ಮಣ್ಣಿಗೆ ಒಂದಿಷ್ಟು ಸೇರಿಸಿದರೆ ಒಣಗಿದಾಗ ಅದು ಕಲ್ಲಾಗುತ್ತದೆ, ಅದಕ್ಕೇ ಗರಸು ಜಾಸ್ತಿ ಇರಲಿ ಅನ್ನುವುದು. ದಿಬ್ಬದ ಸುತ್ತ ಅಂಚು ಕಟ್ಟಲು ಒಡೆದ ಶಹಾಬಾದ್ ಫರ್ಸಿ ತುಂಡುಗಳನ್ನು ನಿಲ್ಲಿಸಿ. ನಮ್ಮ ಕಡೆ ಮನೆ ಕಟ್ಟುವ ಜಾಗದಲ್ಲಿ ಅವು ಬೇಕಾದಷ್ಟು ಬಿದ್ದಿರುತ್ತವೆ, ಕೇಳಿದರೆ ಒಯ್ಯಿರಿ ಅನ್ನುತ್ತಾರೆ. ಸಿಮೆಂಟ್ ಹಾಕಿ ಮುಚ್ಚಬೇಡಿ. ಕಲ್ಲಿನ ನಡುವಿನ ಸಂದಿನಿಂದ ನೀರು ಹೊರಗೆ ಹೋಗಬೇಕು.

ಬೀದರ್ ಗುಡ್ಡದ ಮೇಲಿನ ಕೆಂಪು ಮಣ್ಣಿನವರಿಗೆ ಇಷ್ಟು ಕಷ್ಟ ಇಲ್ಲ. ಎರಡು ಅಡಿ ಉದ್ದ, ಅಗಲ, ಆಳದ ಗುಂಡಿ, ತೆಗೆದ ಮಣ್ಣಿಗೆ ಮೂರನೇ ಒಂದು ಭಾಗ ಗೊಬ್ಬರ ಸಾಕು. ಆದರೆ ಒಂದಡಿ ಕೆಳಗೇ ಹಾರೆಗೂ ಬಗ್ಗದ ಜಂಬಿಟ್ಟಿಗೆ ಹಾಸು ಸಿಕ್ಕಿದರೆ ಮೇಲೆ ಹೇಳಿದ ನೀರಿನ ಪರೀಕ್ಷೆ ಮಾಡಲೇಬೇಕು. ಯಾದಗಿರಿ ಜಿಲ್ಲೆಯಲ್ಲಿ ಎರಡೂ ಥರ ಇದೆ. ಗುರುಮಠಕಲ್ ಕಡೆಯ ಉಸುಕು ಮಿಶ್ರಿತ ಕೆಂಪು ಮಣ್ಣಿನಲ್ಲಿ ನೇರವಾಗಿ ನೆಡಬಹುದು. ಶಹಾಪುರ, ಸುರಪುರದಲ್ಲಿ ನಾರಾಯಣಪುರ ಕಾಲುವೆ ನೀರಿನ ಭತ್ತದ ಗದ್ದೆ ಪಕ್ಕ ಮನೆ ಇದ್ದರೆ, ನೆಲದಡಿ ಸದಾ ತೇವ ಇರುವುದರಿಂದ ದಿಬ್ಬವನ್ನು ಎರಡು ಅಡಿಗೆ ಏರಿಸಿ.

ಯಾವಾಗ, ಹೇಗೆ ನೆಡುವುದು

ಕೆಂಪು ಮಣ್ಣಿನವರು ಮಿರಗ ಕೂಡಿ ಎರಡು ಒಳ್ಳೆಯ ಮಳೆ ಬಿದ್ದ ಮೇಲೆ, ಅಂದರೆ ಜೂನ್ ಎರಡನೇ ವಾರದಿಂದ ಆರಿದ್ರಾ ಮಳೆಯೊಳಗೆ ನೆಡಿ. ಎರೆ ಮಣ್ಣಿನವರಿಗೆ ನನ್ನ ಸಲಹೆ ಬೇರೆ: ಸೀಗಿ ಹುಣ್ಣಿಮೆ ದಾಟಲಿ. ನಮ್ಮಲ್ಲಿ ಸೆಪ್ಟೆಂಬರ್ ಮಳೆ ಜೋರು. ಕೆಲವು ವರ್ಷ ಅದು ಅಕ್ಟೋಬರಿಗೂ ಎಳೆಯುತ್ತದೆ, 2020ರ ಅಕ್ಟೋಬರಿನಲ್ಲಿ ಭೀಮಾ ಉಕ್ಕಿ ಬಂದಿದ್ದು ನೆನಪಿರಬಹುದು. ಎಳೆ ಬೇರಿನ ಗಿಡಕ್ಕೆ ಆ ತೇವ ಆಗುವುದಿಲ್ಲ. ಮಳೆ ನಿಂತ ಮೇಲೆ ನೆಟ್ಟರೆ ಮಣ್ಣು ಇನ್ನೂ ಬೆಚ್ಚಗಿರುತ್ತದೆ, ಚಳಿಗೆ ಮುಂಚೆ ಬೇರು ಹಿಡಿಯುತ್ತದೆ, ಬೇಸಿಗೆಗೆ ಇನ್ನೂ ನಾಲ್ಕೈದು ತಿಂಗಳು ಸಮಯ ಸಿಗುತ್ತದೆ. ಮಾರ್ಚ್‌ನಿಂದ ಮೇ ಕೊನೆವರೆಗೆ ನೆಡಬೇಡಿ.

ನೆಡುವುದು ಸಂಜೆ ಹೊತ್ತು. ಚೀಲವನ್ನು ಬ್ಲೇಡಿನಿಂದ ಸೀಳಿ ತೆಗೆಯಿರಿ, ಕಾಂಡ ಹಿಡಿದು ಎಳೆಯಬೇಡಿ. ಬೇರಿನ ಉಂಡೆ ಒಡೆಯದಂತೆ ಇಳಿಸಿ. ಚೀಲದಲ್ಲಿ ಮಣ್ಣು ಎಲ್ಲಿಯವರೆಗೆ ಇತ್ತೋ ದಿಬ್ಬದಲ್ಲೂ ಅಷ್ಟೇ ಇರಬೇಕು, ಬೇಕಿದ್ದರೆ ಒಂದು ಇಂಚು ಮೇಲೆ. ಕಾಂಡದ ಬುಡಕ್ಕೆ ಮಣ್ಣು ಏರಿಸಿದರೆ ಕೊಳೆಯುತ್ತದೆ. ಸುತ್ತಲೂ ಕೈಯಲ್ಲಿ ಒತ್ತಿ, ಒಂದು ಕೊಡ ನೀರು ನಿಧಾನಕ್ಕೆ ಹಾಕಿ. ಒಂದು ಬಿದಿರು ಗೂಟ ಕಟ್ಟುವುದನ್ನು ಮರೆಯಬೇಡಿ. ಏಪ್ರಿಲ್, ಮೇ ತಿಂಗಳ ಗಾಳಿ ಮಳೆಗೆ ಈ ಮೆದು ಕೊಂಬೆ ಸೀಳಿ ಹೋಗುತ್ತದೆ, ಬೀದರ್ ಕಡೆ ಬಯಲು ಗಾಳಿ ಇನ್ನೂ ಜಾಸ್ತಿ.

ನೀರು

ಮೊದಲ ತಿಂಗಳು, ಮಳೆ ಇಲ್ಲದಿದ್ದರೆ, ಮೂರು ದಿನಕ್ಕೊಮ್ಮೆ ಐದಾರು ಲೀಟರ್. ಆಮೇಲೆ ದಿನದ ಲೆಕ್ಕ ಬಿಟ್ಟು ಮಣ್ಣಿನ ಲೆಕ್ಕ ಹಿಡಿಯಿರಿ. ಒಂದು ಕಡ್ಡಿಯನ್ನು ಮೂರು ಇಂಚು ಒಳಗೆ ಚುಚ್ಚಿ ತೆಗೆಯಿರಿ. ಮಣ್ಣು ಅಂಟಿಕೊಂಡು ಬಂದರೆ ಬೇಡ, ಒಣ ಕಡ್ಡಿ ಬಂದರೆ ಹಾಕಿ. ಹಾಕುವಾಗ ಹತ್ತು ಹದಿನೈದು ಲೀಟರ್ ಒಮ್ಮೆಗೇ, ಬುಡಕ್ಕಿಂತ ಒಂದಡಿ ದೂರದಲ್ಲಿ ಸುತ್ತಲೂ. ಮೊದಲ ಬೇಸಿಗೆಯಲ್ಲಿ ಇದು ಹೆಚ್ಚುಕಡಿಮೆ ನಾಲ್ಕೈದು ದಿನಕ್ಕೊಮ್ಮೆ ಬರುತ್ತದೆ, ಎರಡನೇ ವರ್ಷದಿಂದ ಎಂಟು ಹತ್ತು ದಿನಕ್ಕೊಮ್ಮೆ. ಮಳೆಗಾಲದಲ್ಲಿ ಮುಟ್ಟಬೇಡಿ. ಚಳಿಗಾಲದಲ್ಲಿ ಎಲೆ ಉದುರಿಸಿ ನಿಂತಾಗ ಇನ್ನೂ ಕಡಿಮೆ.

ಮಧ್ಯಾಹ್ನ ಎಲೆ ಸ್ವಲ್ಪ ಬಾಡಿದಂತೆ ಕಂಡರೆ ಗಾಬರಿ ಬೇಡ. ಸಂಜೆ ಆರಕ್ಕೆ ನೋಡಿ, ಎದ್ದು ನಿಂತಿದ್ದರೆ ಅದು ಬರೀ ಬಿಸಿಲು. ಬೆಳಗ್ಗೆಯೂ ಬಾಡಿದ್ದರೆ ಕಡ್ಡಿ ಚುಚ್ಚಿ ನೋಡಿ. ಒಣಗಿದ್ದರೆ ನೀರು. ಒದ್ದೆಯಾಗಿಯೂ ಬಾಡಿದ್ದರೆ ಬೇರು ಕೊಳೆಯುತ್ತಿದೆ. ಆಗ ನೀರು ಪೂರ್ತಿ ನಿಲ್ಲಿಸಿ, ಬುಡದ ಸುತ್ತ ಮಣ್ಣು ಕೆದರಿ ಗಾಳಿಯಾಡಲು ಬಿಡಿ, ನಿಂತ ನೀರಿಗೆ ಕಾಲುವೆ ಮಾಡಿ ಹೊರಗೆ ಹಾಕಿ. ಜೊತೆಗೆ ಗಟ್ಟಿ ಇರುವ ಒಂದೆರಡು ಕೊಂಬೆ ಕಡಿದು ಕಡ್ಡಿ ನೆಟ್ಟುಕೊಳ್ಳಿ, ಮೂಲ ಗಿಡ ಹೋದರೂ ಜಾತಿ ಉಳಿಯುತ್ತದೆ.

ಇನ್ನೊಂದು ಮಾತು. ಶಹಾಬಾದ್, ವಾಡಿ, ಸೇಡಂ ಭಾಗವೆಲ್ಲ ಸುಣ್ಣದ ಕಲ್ಲಿನ ನೆಲ, ಬೋರಿನ ನೀರು ಗಡಸು. ಎಲೆ ಮೇಲಿನ ಧೂಳು ತೊಳೆಯುತ್ತೇವೆ ಅಂತ ದಿನಾ ಆ ನೀರು ಸಿಂಪಡಿಸಿದರೆ ಒಣಗಿದ ಮೇಲೆ ಬಿಳಿ ಚುಕ್ಕೆ ಉಳಿಯುತ್ತವೆ. ಹಸಿರು ಎಲೆಯ ಮೇಲೆ ಅದು ಅಷ್ಟು ಕಾಣದು, ಈ ಬಣ್ಣದ ಮೇಲೆ ಎದ್ದು ಕಾಣುತ್ತದೆ. ಸಾಧ್ಯವಿದ್ದರೆ ಎಲೆಗೆ ಮಳೆ ನೀರು, ಇಲ್ಲವೇ ನಳದ ನೀರು. ಬೋರಿನ ನೀರು ಬುಡಕ್ಕೆ ಮಾತ್ರ.

ಬೇಸಿಗೆ ಬರುವ ಮುಂಚೆ, ಫೆಬ್ರವರಿ ಕೊನೆಗೆ, ದಿಬ್ಬದ ಮೇಲೆ ಮೂರು ಇಂಚು ಹೊದಿಕೆ ಹಾಕಿ. ಜೋಳದ ಕಣಿಕೆ ತುಂಡು, ಕಬ್ಬಿನ ರವದಿ, ತೊಗರಿ ಹೊಟ್ಟು, ಯಾವುದು ಅಗ್ಗವೋ ಅದು. ಕಾಂಡಕ್ಕೆ ತಾಗದಂತೆ ಅಂಗೈ ಅಗಲ ಜಾಗ ಬಿಡಿ. ಬಿರುಕು ಬಿಡುವುದು ನಿಲ್ಲುತ್ತದೆ, ನೀರೂ ಉಳಿಯುತ್ತದೆ. ಮಳೆ ಶುರುವಾದಾಗ ಅದನ್ನು ಎಳೆದು ದೂರ ಹಾಕಿ.

ಗೊಬ್ಬರ, ಹುಳ

ಗೊಬ್ಬರದ ಬಗ್ಗೆ ಹೇಳಲು ಜಾಸ್ತಿ ಇಲ್ಲ. ವರ್ಷಕ್ಕೆ ಎರಡು ಸಲ, ಜೂನ್ ಮತ್ತು ಅಕ್ಟೋಬರಿನಲ್ಲಿ, ಒಂದು ಪುಟ್ಟಿ ತಿಪ್ಪೆ ಗೊಬ್ಬರ ಅಥವಾ ಅರ್ಧ ಪುಟ್ಟಿ ಎರೆಹುಳು ಗೊಬ್ಬರ. ಯೂರಿಯಾ ಬೇಡ. ಹೊಲಕ್ಕೆ ತಂದಿದ್ದು ಉಳಿದಿದೆ ಅಂತ ಒಂದು ಹಿಡಿ ಎರಚಿದರೆ ಉದ್ದನೆಯ, ಸಪ್ಪೆ ಬಣ್ಣದ, ಗಾಳಿಗೆ ಮುರಿಯುವ ಕೊಂಬೆ ಬರುತ್ತದೆ.

ಹಿಟ್ಟು ತಿಗಣೆ, ಬಿಳಿ ನೊಣ ಆಗಾಗ ಬರುತ್ತವೆ. ಬಿರುಬಿಸಿಲಲ್ಲಿ ಎಲೆಯ ಅಡಿ ನುಸಿ ಕೂರುತ್ತದೆ. ಲೀಟರ್ ನೀರಿಗೆ 5 ಮಿಲಿ ಬೇವಿನ ಎಣ್ಣೆ, ನಾಲ್ಕು ಹನಿ ಸೋಪಿನ ದ್ರಾವಣ, ಸಂಜೆ ಎಲೆಯ ಅಡಿಭಾಗಕ್ಕೆ ತಾಗುವಂತೆ ಹೊಡೆಯಿರಿ. ವಾರ ಬಿಟ್ಟು ಮತ್ತೊಮ್ಮೆ.

ಕತ್ತರಿ

ಬಿಟ್ಟರೆ ಇದು ಮೇಲಕ್ಕೆ ಹೋಗಿ, ಬುಡ ಬೋಳಾಗಿ, ತುದಿಯಲ್ಲಿ ಮಾತ್ರ ಎಲೆ ಇಟ್ಟುಕೊಂಡ ಸಣ್ಣ ಮರ ಆಗುತ್ತದೆ. ಪೊದೆ ಬೇಕಾದರೆ ಮೊದಲ ವರ್ಷದಿಂದಲೇ ತುದಿ ಚಿವುಟಬೇಕು. ಹೊಸ ಚಿಗುರು ಒಂದು ಅಡಿ ಬಂದ ಕೂಡಲೇ ತುದಿಯ ಎರಡು ಇಂಚು ತೆಗೆಯಿರಿ, ಕೆಳಗಿನಿಂದ ಎರಡು ಮೂರು ಕವಲು ಒಡೆಯುತ್ತವೆ. ಹೊಸ ಎಲೆಯ ಬಣ್ಣವೇ ಹೆಚ್ಚು ಚಂದ, ಹಾಗಾಗಿ ಚಿವುಟಿದಷ್ಟೂ ಲಾಭ.

ದೊಡ್ಡ ಕತ್ತರಿ ವರ್ಷಕ್ಕೊಮ್ಮೆ, ಫೆಬ್ರವರಿ ಮೊದಲ ಎರಡು ವಾರದಲ್ಲಿ, ಚಳಿ ಇಳಿದು ಚಿಗುರು ಶುರುವಾಗುವ ಹೊತ್ತಿಗೆ. ಗಿಡದ ಮೂರನೇ ಒಂದು ಭಾಗದವರೆಗೆ ಕತ್ತರಿಸಬಹುದು. ಒಳಮುಖ ಬೆಳೆದದ್ದು, ಒಂದಕ್ಕೊಂದು ಉಜ್ಜುವುದು, ಒಣಗಿದ್ದು ಮೊದಲು ಹೋಗಲಿ. ಗೆಣ್ಣಿನ ಸ್ವಲ್ಪ ಮೇಲೆ ಓರೆಯಾಗಿ ಕತ್ತರಿಸಿ. ಹಾಲು ಸುರಿಯುವ ತುದಿಗೆ ನೀರು ಚಿಮುಕಿಸಿದರೆ ಅಥವಾ ಒಣ ಬೂದಿ ಒತ್ತಿದರೆ ನಿಲ್ಲುತ್ತದೆ. ಮೇಲಿನ ಕೊಂಬೆಯನ್ನು ತಲೆ ಎತ್ತಿ ನೋಡುತ್ತಾ ಕತ್ತರಿಸುವುದು ಬೇಡ, ಸ್ಟೂಲ್ ಹಾಕಿಕೊಂಡು ಕಣ್ಣಿನ ಮಟ್ಟಕ್ಕಿಂತ ಕೆಳಗೆ ಬರುವಂತೆ ಮಾಡಿಕೊಳ್ಳಿ. ಕತ್ತರಿಗೆ ಅಂಟಿದ ಹಾಲು ಬರೀ ನೀರಿಗೆ ಹೋಗುವುದಿಲ್ಲ, ಎಣ್ಣೆ ಬಟ್ಟೆಯಲ್ಲಿ ಒರೆಸಿ ಆಮೇಲೆ ಸೋಪಿನಿಂದ ತೊಳೆಯಿರಿ.

ಕಡಿದ ಕೊಂಬೆಗಳನ್ನು ರಸ್ತೆ ಬದಿ ಎಸೆಯಬೇಡಿ. ನಮ್ಮ ಓಣಿಗಳಲ್ಲಿ ದನ, ಆಡು ಬಾಯಿ ಹಾಕದ ಕಸ ಯಾವುದಿದೆ? ಸುಡುವುದೂ ಬೇಡ, ಆ ಹೊಗೆ ಕಣ್ಣಿಗೆ ಕೆಟ್ಟದ್ದು. ಮೂಲೆಯಲ್ಲಿ ಗುಂಡಿ ತೋಡಿ ಹೂತುಬಿಡಿ.

ಚಳಿಗೆ ಎಲೆ ಉದುರಿದರೆ

ಎಳ್ಳ ಅಮಾವಾಸ್ಯೆ ಹೊತ್ತಿಗೆ ಎಲೆ ತೆಳುವಾಗಿ, ಕೆಲವು ಸಲ ಪೂರ್ತಿ ಉದುರಿ, ಬರೀ ಕಡ್ಡಿ ನಿಲ್ಲುತ್ತದೆ. ಬೀದರಿನಲ್ಲಿ ಇದು ಹೆಚ್ಚು, ಎತ್ತರದ ಊರು, ಚಳಿ ಜಾಸ್ತಿ. ಸತ್ತಿತು ಅಂತ ಕಿತ್ತವರೂ ಇದ್ದಾರೆ. ಚಾಕುವಿನ ತುದಿಯಿಂದ ತೊಗಟೆಯನ್ನು ಸಣ್ಣಗೆ ಗೀರಿ ನೋಡಿ. ಹಾಲು ಜಿನುಗಿದರೆ ಜೀವ ಇದೆ. ನೀರು ಕಡಿಮೆ ಮಾಡಿ ಬಿಡಿ, ಫೆಬ್ರವರಿಯಲ್ಲಿ ಚಿಗುರುತ್ತದೆ.

ಕುಂಡದಲ್ಲಿ, ಕಡ್ಡಿಯಿಂದ

ಕುಂಡವಾದರೆ 14–16 ಇಂಚಿನದು, ತಳದಲ್ಲಿ ನಾಲ್ಕು ತೂತು, ಮೇಲೆ ಹೇಳಿದ್ದೇ ಮಿಶ್ರಣ, ಎರೆ ಮಣ್ಣು ಮಾತ್ರ ಬಿಟ್ಟು ಅದರ ಬದಲು ಕೆಂಪು ಮಣ್ಣು. ಮಾಳಿಗೆ ಮೇಲೆ ಇಡುವುದಾದರೆ ಎರಡು ಇಟ್ಟಿಗೆ ಮೇಲೆ ಏರಿಸಿ ಇಡಿ. ಬೇಸಿಗೆಯಲ್ಲಿ ಪ್ಲಾಸ್ಟಿಕ್ ಕುಂಡದ ಬದಿಗೆ ಗೋಣಿತಟ್ಟು ಸುತ್ತಿ.

ಕಡ್ಡಿ ಮಾಡಲು ಫೆಬ್ರವರಿಯಲ್ಲಿ ಕತ್ತರಿಸಿದ್ದೇ ಸಾಕು. ಪೆನ್ಸಿಲ್ ದಪ್ಪದ, ಆರರಿಂದ ಎಂಟು ಇಂಚಿನ ತುಂಡು, ಗೆಣ್ಣಿನ ಕೆಳಗೆ ಕತ್ತರಿಸಿದ್ದು. ತುದಿಯ ಎರಡು ಎಲೆ ಬಿಟ್ಟು ಉಳಿದದ್ದು ತೆಗೆಯಿರಿ. ಕೆಳ ತುದಿಯನ್ನು ಉಗುರುಬೆಚ್ಚಗಿನ ನೀರಲ್ಲಿ ಅದ್ದಿ ಹಾಲು ನಿಲ್ಲಿಸಿ, ನೆರಳಲ್ಲಿ ಒಂದೆರಡು ದಿನ ಒಣಗಲು ಬಿಡಿ. ಹಸಿಯಾಗಿಯೇ ನೆಟ್ಟರೆ ಕೊಳೆಯುತ್ತದೆ. ಆಮೇಲೆ ಅರ್ಧ ಉಸುಕು, ಅರ್ಧ ಕೋಕೋಪೀಟ್ ತುಂಬಿದ ಸಣ್ಣ ಕುಂಡಕ್ಕೆ ಎರಡು ಇಂಚು ಆಳ ಚುಚ್ಚಿ, ಬೆಳಕಿರುವ ನೆರಳಲ್ಲಿಡಿ. ಮೇಲ್ಮೈ ಒಣಗಿದಾಗ ಮಾತ್ರ ನೀರು ಚಿಮುಕಿಸಿ. ನಾಲ್ಕರಿಂದ ಆರು ವಾರದಲ್ಲಿ ಬೇರು ಬರುತ್ತದೆ. ಮೆಲ್ಲಗೆ ಎಳೆದಾಗ ಕಡ್ಡಿ ಬಿಗಿಯಾಗಿ ನಿಂತರೆ ಬಂದಿದೆ ಅಂತಲೇ ಲೆಕ್ಕ. ಆ ಬೇಸಿಗೆ ಪೂರ್ತಿ ನೆರಳಲ್ಲೇ ಇಟ್ಟು, ಜೂನ್ ಮಳೆ ಬಿದ್ದ ಮೇಲೆ ದೊಡ್ಡ ಚೀಲಕ್ಕೆ ಬದಲಾಯಿಸಿ, ನೆಲಕ್ಕೆ ಸೀಗಿ ಹುಣ್ಣಿಮೆ ನಂತರ ಇಳಿಸಿ.